ಕಕ್ಕಡದ ಮಳೆಯಲ್ಲಿ ಎದೆಹಾಲು: ಕೆಲಸಕ್ಕೆ ಹೋಗುವ ತಾಯಂದಿರು ಪಂಪ್ ಒಣಗಿಸುವ, ಹಾಲು ಕಾಪಾಡುವ ಬಗೆ

ಜುಲೈ ತಿಂಗಳ ಒಂದು ಬೆಳಿಗ್ಗೆ, ಕೊಡಗಿನಲ್ಲಿ ಕಕ್ಕಡ ಎಂದು ಕರೆಯುವ ಜೋರು ಮಳೆಯ ತಿಂಗಳು. ಮಡಿಕೇರಿಯ ನಮ್ಮ ಕಚೇರಿಯಲ್ಲಿ ಹಳೆಯ ಕಡತಗಳನ್ನು ಇಡುವ ಕೊಠಡಿಯ ಚಿಲಕ ಹಾಕಿಕೊಂಡು ಎದೆಹಾಲು ಹಿಂಡುವ ಪಂಪ್ ಜೋಡಿಸುತ್ತಿದ್ದೆ. ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅದರ ಒಳಮೈಯಲ್ಲಿ ಸಾಸಿವೆಗಿಂತ ಸಣ್ಣ ನಾಲ್ಕೈದು ಕಪ್ಪು ಚುಕ್ಕೆಗಳು ಕಂಡವು. ಬೂಷ್ಟು ಹಿಡಿದಿತ್ತು. ಹಿಂದಿನ ರಾತ್ರಿ ಎಲ್ಲವನ್ನೂ ಸೋಪು ಹಾಕಿ ತೊಳೆದಿದ್ದೆ, ಬಿಸಿನೀರಿನಲ್ಲಿ ಜಾಲಾಡಿಸಿದ್ದೆ, ಶುಚಿಯಾದ ಡಬ್ಬಿಗೆ ಹಾಕಿ ಮುಚ್ಚಿದ್ದೆ. ತೊಳೆಯುವುದರಲ್ಲಿ ಏನೂ ಕಡಿಮೆ ಮಾಡಿರಲಿಲ್ಲ. ಒಣಗಿದೆಯೇ ಎಂದು ಮಾತ್ರ ನೋಡಿರಲಿಲ್ಲ. ಮಗಳಿಗೆ ಆಗ ಏಳು ತಿಂಗಳು. ಆ ದಿನ ಪಂಪನ್ನು ಚೀಲಕ್ಕೆ ಹಿಂತಿರುಗಿಸಿ, ಕೈಯಿಂದಲೇ ಹಾಲು ಹಿಂಡಿದೆ.

ಪಂಪ್ ಶುಚಿ ಮಾಡುವ ಬಗ್ಗೆ ಸಿಗುವ ಸಲಹೆಗಳೆಲ್ಲ ತೊಳೆಯುವುದನ್ನು ಹತ್ತು ಸಾಲಿನಲ್ಲಿ ಹೇಳಿ, ‘ನಂತರ ಗಾಳಿಗೆ ಒಣಗಿಸಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತವೆ. ಬಿಸಿಲಿರುವ ಊರಿಗೆ ಆ ಒಂದು ಮಾತು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಹಸಿಯಾಗಿಯೇ ಇರುತ್ತದೆ, ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತದೆ. ಬಯಲುಸೀಮೆಯ ತಾಯಿ ಹೆದರಬೇಕಾದದ್ದು ಸೆಕೆಗೆ. ನಾವು ಹೆದರಬೇಕಾದದ್ದು ತೇವಕ್ಕೆ, ಆಮೇಲೆ ಕೈಕೊಡುವ ಕರೆಂಟಿಗೆ. ಇಷ್ಟು ತಿಳಿದುಕೊಂಡರೆ ಕೊಡಗಿನಲ್ಲಿ ಎದೆಹಾಲು ಕಾಪಾಡುವುದು ಸುಲಭ, ಏಕೆಂದರೆ ನಮ್ಮ ಹವೆ ಉಳಿದ ಎಲ್ಲ ರೀತಿಯಲ್ಲೂ ತಾಯಂದಿರ ಪರವಾಗಿದೆ.

ಮೊದಲು ಹಾಲಿನ ವಿಷಯ. ಹಸುವಿನ ಹಾಲನ್ನು ಕಾಯಿಸದೆ ಇಟ್ಟರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಎದೆಹಾಲನ್ನು ಹೊರಗಿಟ್ಟರೆ ಕ್ಷಣದಲ್ಲಿ ಕೆಡುತ್ತದೆ ಎಂಬ ಅಂಜಿಕೆ ಮನೆಮನೆಯಲ್ಲೂ ಇದೆ. ಎದೆಹಾಲಿನಲ್ಲಿ ಜೀವಂತ ಬಿಳಿ ರಕ್ತಕಣಗಳು, ರೋಗನಿರೋಧಕ ಅಂಶಗಳು, ಬ್ಯಾಕ್ಟೀರಿಯಾದ ಗೋಡೆಯನ್ನು ಒಡೆಯುವ ಲೈಸೋಜೈಮ್ ಎಂಬ ಕಿಣ್ವ ಇವೆಲ್ಲ ಇರುತ್ತವೆ. ಹಿಂಡಿದ ಮೇಲೂ ಅವು ಸ್ವಲ್ಪ ಹೊತ್ತು ಕೆಲಸ ಮಾಡುತ್ತಲೇ ಇರುತ್ತವೆ. ಆದ್ದರಿಂದ ಆಗತಾನೇ ಹಿಂಡಿದ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ 4 ಗಂಟೆ ಕೆಡದೆ ಇರುತ್ತದೆ. ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿ ಇಟ್ಟರೆ 4 ದಿನ. ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 6 ತಿಂಗಳವರೆಗೆ ಒಳ್ಳೆಯದು, 12 ತಿಂಗಳವರೆಗೆ ಬಳಸಬಹುದು. ಇದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಕೊಡುವ ಲೆಕ್ಕ. ನಾಲ್ಕು ಗಂಟೆ, ನಾಲ್ಕು ಡಿಗ್ರಿ, ನಾಲ್ಕು ದಿನ ಎಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ.

ಮಡಿಕೇರಿಯಲ್ಲಿ ಮಳೆಗಾಲದ ಹಗಲು ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. 25ರ ಗಡಿ ನಮಗೆ ಮಳೆಗಾಲವಿಡೀ ದೂರದಲ್ಲೇ ಉಳಿಯುತ್ತದೆ. ಆದರೆ ಕೊಡಗು ಎಂದರೆ ಮಡಿಕೇರಿ ಒಂದೇ ಅಲ್ಲ. ಏಪ್ರಿಲ್‌ನಲ್ಲಿ ಕುಶಾಲನಗರದ ಕಡೆ ಮಧ್ಯಾಹ್ನದ ಬಿಸಿಲು ಮೈಸೂರಿನ ಬಿಸಿಲೇ. ಅಲ್ಲಿ ಕೆಲಸ ಮಾಡುವವರು ನಾಲ್ಕು ಗಂಟೆಯ ಮಾತನ್ನು ನಂಬಿಕೊಂಡು ಬಾಟಲಿಯನ್ನು ಮೇಜಿನ ಮೇಲೆ ಬಿಡಬಾರದು.

ಒಂದು ದಿನದ ಲೆಕ್ಕವನ್ನೇ ನೋಡೋಣ. ನಾನು ಹಾಲು ಹಿಂಡುತ್ತಿದ್ದುದು ಬೆಳಿಗ್ಗೆ ಹತ್ತೂವರೆಗೆ, ಮಧ್ಯಾಹ್ನ ಒಂದೂವರೆಗೆ, ಸಂಜೆ ನಾಲ್ಕೂಕಾಲಿಗೆ. ನಾಪೋಕ್ಲು ಕಡೆಯ ಬಸ್ ಹಿಡಿದು ಮನೆ ಸೇರುವಾಗ ಆರೂವರೆ. ಹತ್ತೂವರೆಯ ಹಾಲಿಗೆ ಅಷ್ಟರಲ್ಲಿ ಎಂಟು ಗಂಟೆ ತುಂಬಿರುತ್ತದೆ, ಅದಕ್ಕೆ ತಂಪು ಬೇಕೇ ಬೇಕು. ಒಂದೂವರೆಯದಕ್ಕೂ ಬೇಕು. ನಾಲ್ಕೂಕಾಲರ ಹಾಲಿಗೆ ಎರಡೂಕಾಲು ಗಂಟೆಯಷ್ಟೇ. ಮಳೆಗಾಲದಲ್ಲಿ ಅದು ಹೊರಗಿದ್ದರೂ ನಡೆಯುತ್ತದೆ. ಹೀಗೆ ಲೆಕ್ಕ ಹಾಕಿದ ಮೇಲೆ ನನ್ನ ಅರ್ಧ ಆತಂಕ ಇಳಿಯಿತು. ಮೂರು ಗಂಟೆಗೊಮ್ಮೆ ಹಿಂಡುವುದು ಮಗುವಿನ ಮರುದಿನದ ಹೊಟ್ಟೆಗಾಗಿ ಮಾತ್ರವಲ್ಲ. ಎದೆ ಖಾಲಿಯಾದಷ್ಟೂ ಹಾಲು ಉತ್ಪತ್ತಿಯಾಗುತ್ತದೆ. ತುಂಬಿಯೇ ಉಳಿದರೆ ದೇಹ ಹಾಲು ಮಾಡುವುದನ್ನು ಕಡಿಮೆ ಮಾಡುತ್ತದೆ, ಎದೆ ಕಲ್ಲಿನಂತಾಗಿ ಬಾವು, ಜ್ವರ ಬರುವುದೂ ಉಂಟು.

ಕಚೇರಿಯಲ್ಲಿ ಫ್ರಿಜ್ ಇದ್ದರೆ ಬಾಗಿಲಿನ ತಟ್ಟೆಯಲ್ಲಿ ಇಡಬೇಡಿ. ಪ್ರತಿ ಸಲ ತೆರೆದಾಗಲೂ ಅಲ್ಲಿಗೆ ಬಿಸಿಗಾಳಿ ತಾಗುತ್ತದೆ. ಒಳಗೆ, ಹಿಂದಿನ ಗೋಡೆಯ ಹತ್ತಿರ ಇಡಿ. ಫ್ರಿಜ್ ಇಲ್ಲದಿದ್ದರೆ ಐಸ್ ಪ್ಯಾಕ್ ಹಾಕಿದ ಕೂಲರ್ ಬ್ಯಾಗ್ ಸಾಕು. ಚೆನ್ನಾಗಿ ಹೆಪ್ಪುಗಟ್ಟಿದ ಪ್ಯಾಕುಗಳು ಬಾಟಲಿಗೆ ಒತ್ತಿಕೊಂಡು ಇದ್ದರೆ ಅದರಲ್ಲಿ ಹಾಲು 24 ಗಂಟೆ ಇರುತ್ತದೆ. ಆಗ ಹಿಂಡಿದ ಬೆಚ್ಚಗಿನ ಹಾಲನ್ನು ಬೆಳಗಿನ ತಣ್ಣನೆಯ ಹಾಲಿಗೆ ನೇರವಾಗಿ ಸುರಿಯಬೇಡಿ. ಬೇರೆ ಬಾಟಲಿಯಲ್ಲಿ ತಣಿಸಿ, ಆಮೇಲೆ ಸೇರಿಸಿ. ದಿನಾಂಕ, ಹೊತ್ತು ಬರೆದು ಅಂಟಿಸಿ. ಸೇರಿಸಿದ ಹಾಲಿಗೆ ಎರಡರಲ್ಲಿ ಹಳೆಯದರ ದಿನಾಂಕವೇ ಸಲ್ಲುತ್ತದೆ.

ಇನ್ನು ತೊಳೆಯುವುದು. ಹಾಲು ತಾಗಿದ ಪ್ರತಿ ಭಾಗವನ್ನೂ, ಅಂದರೆ ಎದೆಗೆ ಕೂರಿಸುವ ಬಟ್ಟಲು, ಅದರ ಕೆಳಗಿನ ವಾಲ್ವ್, ತೆಳುವಾದ ಪೊರೆಯಂಥ ರಬ್ಬರ್ ತುಂಡು, ಬಾಟಲಿ, ಇವನ್ನು ಪ್ರತಿ ಸಲ ಬಳಸಿದ ಮೇಲೆ ಬಿಡಿಸಿ ತೊಳೆಯಬೇಕು. ಹಾಲಿನ ಕೊಬ್ಬು ಒಣಗಿ ಅಂಟಿಕೊಂಡರೆ ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಕೀಟಾಣುಗಳಿಗೆ ಅದೇ ಊಟ. ಮೊದಲು ಹರಿಯುವ ನೀರಿನಲ್ಲಿ ಹಾಲು ಹೋಗುವಂತೆ ಜಾಲಾಡಿಸಿ. ಆಮೇಲೆ ಬಿಸಿನೀರು, ಸೋಪು, ಬ್ರಷ್.

ಎಲ್ಲಿ ತೊಳೆಯುತ್ತೀರಿ ಎನ್ನುವುದು ಇಲ್ಲಿ ಬಹಳ ಮುಖ್ಯ. ಕಚೇರಿಯ ಸಿಂಕಿನೊಳಗೆ ಈ ಭಾಗಗಳನ್ನು ನೇರವಾಗಿ ಇಡಲೇಬಾರದು. ಊಟದ ಡಬ್ಬಿ, ಟೀ ಲೋಟ, ಮೀನು ಸಾರಿನ ಕೈ ಎಲ್ಲವೂ ತೊಳೆಯುವ ಜಾಗ ಅದು. ಒಂದು ಸ್ಟೀಲ್ ಬೋಗುಣಿಯನ್ನು ಇದಕ್ಕೆಂದೇ ತೆಗೆದಿಡಿ, ಬ್ರಷ್ ಕೂಡ ಇದಕ್ಕೆ ಮಾತ್ರ. ಬಿಸಿನೀರಿಗೆ ನಾನು ಮನೆಯಿಂದಲೇ ಫ್ಲಾಸ್ಕ್ ಒಯ್ಯುತ್ತಿದ್ದೆ. ಮಳೆಗಾಲದಲ್ಲಿ ಬೆಟ್ಟದ ಒರತೆಯಿಂದ ಪೈಪಿನಲ್ಲಿ ಬರುವ ನೀರು ಒಂದೊಂದು ದಿನ ಕೆಂಪಗೆ ಬರುತ್ತದೆಯಲ್ಲ, ಅಂಥ ದಿನ ಕೊನೆಯ ಜಾಲಾಡಿಸುವಿಕೆಗೆ ಕುದಿಸಿ ಆರಿಸಿದ ನೀರನ್ನೇ ಬಳಸಬೇಕು.

ಇಷ್ಟೊಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅವಧಿಗೆ ಮುನ್ನ ಹುಟ್ಟಿದ ಒಂದು ಮಗುವಿಗೆ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಿಂದ ಮಿದುಳಿಗೆ ಗಂಭೀರ ಹಾನಿಯಾಯಿತು. ಹುಡುಕಿದಾಗ ಅದೇ ಬ್ಯಾಕ್ಟೀರಿಯಾ ಮನೆಯ ಪಂಪಿನಲ್ಲೂ ಅಡುಗೆಮನೆಯ ಸಿಂಕಿನ ಕೊಳವೆಯಲ್ಲೂ ಸಿಕ್ಕಿತು. ತಾಯಿ ಪಂಪಿನ ಭಾಗಗಳನ್ನು ಸೋಪು ನೀರಿನಲ್ಲಿ ಹಲವು ಗಂಟೆ ನೆನೆಸಿಟ್ಟು, ಆಮೇಲೆ ಜಾಲಾಡಿಸಿ ಬಳಸುತ್ತಿದ್ದರು. ನಮ್ಮಲ್ಲಿ ಯಾರು ಬೇಕಾದರೂ ಮಾಡಬಹುದಾದದ್ದನ್ನೇ ಆ ತಾಯಿಯೂ ಮಾಡಿದ್ದು. ಸೋಪು ಬೆರೆತ ಬೆಚ್ಚನೆಯ ನೀರು ತಣಿಯುತ್ತಾ ಹೋದಂತೆ, ಹಾಲಿನ ಅಂಶವೂ ಅದರಲ್ಲಿರುವಾಗ, ಶುಚಿಗೊಳಿಸುವ ನೀರೇ ಕೀಟಾಣು ಬೆಳೆಯುವ ನೀರಾಗುತ್ತದೆ. ನೆನೆಸಿಡಬೇಡಿ, ಆಗಿಂದಾಗಲೇ ತೊಳೆಯಿರಿ.

ದಿನಕ್ಕೆ ಒಮ್ಮೆಯಾದರೂ ಎಲ್ಲವನ್ನೂ ಕುದಿಸಬೇಕು. ಎರಡು ತಿಂಗಳೊಳಗಿನ ಮಗು, ಅವಧಿಗೆ ಮುನ್ನ ಹುಟ್ಟಿದ ಮಗು, ರೋಗನಿರೋಧಕ ಶಕ್ತಿ ಕಡಿಮೆ ಇರುವ ಮಗು ಮನೆಯಲ್ಲಿದ್ದರೆ ಇದನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ಭಾಗಗಳು ಪೂರ್ತಿ ಮುಳುಗುವಷ್ಟು ನೀರು ಹಾಕಿ, ಕುದಿ ಬಂದ ಮೇಲೆ 5 ನಿಮಿಷ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ನೂರು ಡಿಗ್ರಿಗೆ ಅಲ್ಲ, 96ರ ಆಸುಪಾಸಿನಲ್ಲೇ ಕುದಿಯುತ್ತದೆ. ಅನ್ನ ಬೇಯುವುದಕ್ಕೆ ಇದರಿಂದ ತುಸು ತಡವಾಗಬಹುದು. ಕೀಟಾಣು ಸಾಯುವುದಕ್ಕೆ 96 ಡಿಗ್ರಿಯ ಐದು ನಿಮಿಷ ಧಾರಾಳವಾಯಿತು.

ಈಗ ಒಣಗಿಸುವುದಕ್ಕೆ ಬರೋಣ. ಟವೆಲಿನಿಂದ ಒರೆಸಿದರೆ ಬೇಗ ಮುಗಿಯುತ್ತದೆ, ಆದರೆ ಹಾಗೆ ಮಾಡಬಾರದು. ಮಳೆಗಾಲದಲ್ಲಿ ಅಡುಗೆಮನೆಯ ಟವೆಲ್ ಎಂದೂ ಪೂರ್ತಿ ಒಣಗಿರುವುದಿಲ್ಲ, ಕುದಿಸಿದ ಪಾತ್ರೆಗೆ ಅದರಲ್ಲಿರುವುದೆಲ್ಲ ಮತ್ತೆ ಅಂಟುತ್ತದೆ. ನಮ್ಮ ಮನೆಗಳಲ್ಲಿ ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಏನು ಬೇಕಾದರೂ ಒಣಗುತ್ತದೆ ಎಂಬ ರೂಢಿ. ನಮ್ಮತ್ತೆಯೂ ಅಕ್ಕರೆಯಿಂದ ಹಾಗೆಯೇ ಹೇಳಿದರು. ಪಂಪಿನ ಭಾಗಗಳಿಗೆ ಅದು ಸರಿಹೋಗುವುದಿಲ್ಲ. ಹೊಗೆಯ ಮಸಿ ಕೂರುತ್ತದೆ, ಮೃದುವಾದ ರಬ್ಬರ್ ಸೊಟ್ಟಗಾಗುತ್ತದೆ.

ನನಗೆ ಕೊನೆಗೆ ಕೈಹಿಡಿದದ್ದು ಇಸ್ತ್ರಿ ಪೆಟ್ಟಿಗೆ. ಒಂದು ದಪ್ಪ ಹತ್ತಿ ಬಟ್ಟೆಯನ್ನು ಒಗೆದು, ಅದರಲ್ಲಿನ ತೇವವೆಲ್ಲ ಆವಿಯಾಗಿ ಹೋಗುವವರೆಗೆ ಇಸ್ತ್ರಿ ಮಾಡಿ ಹಾಸುತ್ತೇನೆ. ಕುದಿಯುವ ನೀರಿನಿಂದ ಭಾಗಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ಎತ್ತಿ, ಎರಡು ಸಲ ಝಾಡಿಸಿ, ಬಿಸಿಬಿಸಿಯಾಗಿರುವಾಗಲೇ ಆ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಇಡುತ್ತೇನೆ. ವಸ್ತುವಿನ ಸ್ವಂತ ಬಿಸಿಯೇ ಅದರ ಮೇಲಿನ ನೀರನ್ನು ಓಡಿಸುತ್ತದೆ. ನೀರು ಆರಿದ ಮೇಲೆ ಹೊರತೆಗೆದರೆ ಈ ಅನುಕೂಲ ಸಿಗುವುದಿಲ್ಲ. ಬಟ್ಟಲಿನ ಕೊಳವೆಯನ್ನು ಕೆಳಮುಖವಾಗಿ ನಿಲ್ಲಿಸಬೇಕು, ವಾಲ್ವನ್ನು ಮಲಗಿಸದೆ ಬಾಯಿ ಕೆಳಗಾಗಿ ಇಡಬೇಕು. ಅದರ ಸೀಳಿನಲ್ಲಿ ನಿಲ್ಲುವ ಒಂದು ಹನಿ ಇಡೀ ರಾತ್ರಿ ಅಲ್ಲೇ ಇರುತ್ತದೆ. ಬೆಳಿಗ್ಗೆ ಆ ಸೀಳನ್ನು ಶುಚಿಯಾದ ಬೆರಳಿನಿಂದ ಮೆಲ್ಲಗೆ ತೆರೆದು ನೋಡಿದರೆ ಒಣಗಿದೆಯೋ ಇಲ್ಲವೋ ತಿಳಿಯುತ್ತದೆ.

ಒಣಗದಿದ್ದರೆ? ಹಸಿಯಾಗಿರುವುದನ್ನು ಡಬ್ಬಿಗೆ ಹಾಕಿ ಮುಚ್ಚಬೇಡಿ. ಅದಕ್ಕಿಂತ ಬೆಳಿಗ್ಗೆ ಹೊರಡುವ ಮುನ್ನ ಇನ್ನೊಮ್ಮೆ ಕುದಿಸಿಕೊಳ್ಳುವುದು ಮೇಲು. ಆಗತಾನೇ ಕುದಿಸಿದ ವಸ್ತುವಿನ ಮೇಲಿನ ಹನಿ ಅಪಾಯದ್ದಲ್ಲ. ಮುಚ್ಚಿದ ಡಬ್ಬಿಯಲ್ಲಿ ಹತ್ತು ಗಂಟೆ ಕುಳಿತ ಹನಿ ಅಪಾಯದ್ದು. ಕೈಯಲ್ಲಿ ದುಡ್ಡಿದ್ದರೆ ಹಾಲು ತಾಗುವ ಭಾಗಗಳ ಇನ್ನೊಂದು ಸೆಟ್ ಕೊಳ್ಳಿ. ಮೋಟಾರು ಒಂದೇ ಸಾಕು. ಎರಡು ಸೆಟ್ ಇದ್ದರೆ ಪ್ರತಿಯೊಂದಕ್ಕೂ ಒಣಗಲು ಒಂದು ಪೂರ್ತಿ ದಿನ ಸಿಗುತ್ತದೆ. ಕೊಡಗಿನ ಮಳೆಗಾಲಕ್ಕೆ ದುಬಾರಿ ಪಂಪಿಗಿಂತ ಇದೇ ಒಳ್ಳೆಯ ಖರ್ಚು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಟ್ಯೂಬಿನ ಕಥೆ ಬೇರೆ. ಅದರಲ್ಲಿ ಹಾಲು ಹೋಗುವುದಿಲ್ಲ, ಗಾಳಿ ಮಾತ್ರ ಆಡುತ್ತದೆ. ಹಾಲು ತಾಗದಿದ್ದರೆ ಅದನ್ನು ತೊಳೆಯುವ ಅಗತ್ಯವೇ ಇಲ್ಲ. ನಾನು ತೊಳೆದದ್ದೇ ತೊಂದರೆಯಾಯಿತು. ಅಷ್ಟು ಸಣ್ಣ ಕೊಳವೆಯೊಳಗಿನ ನೀರು ನಮ್ಮ ಹವೆಯಲ್ಲಿ ಹೊರಬರುವ ದಾರಿಯೇ ಇಲ್ಲ. ಬಳಸಿದ ಮೇಲೆ ಒಳಗೆ ಮಂಜಿನಂತೆ ಹನಿ ಕಂಡರೆ, ಬಟ್ಟಲನ್ನು ಕಳಚಿ, ಬರೀ ಟ್ಯೂಬನ್ನು ಮೋಟಾರಿಗೆ ಸಿಕ್ಕಿಸಿ ಐದು ನಿಮಿಷ ಓಡಿಸಿ. ಗಾಳಿಯೇ ಒಣಗಿಸುತ್ತದೆ. ಬೂಷ್ಟು ಬಂದ ಟ್ಯೂಬನ್ನು ಮಾತ್ರ ಕುದಿಸಿ ಉಳಿಸಲು ನೋಡಬೇಡಿ, ಎಸೆದುಬಿಡಿ.

ಒಂದು ಸಲ ಬಳಸಿದ ಭಾಗಗಳನ್ನು ತೊಳೆಯದೆ ಫ್ರಿಜ್‌ನಲ್ಲಿಟ್ಟು ಮಧ್ಯಾಹ್ನ ಮತ್ತೆ ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ತಂಪಿನಲ್ಲಿ ಕೀಟಾಣು ನಿಧಾನವಾಗಿ ಬೆಳೆಯುತ್ತವೆಯೇ ಹೊರತು ಸಾಯುವುದಿಲ್ಲ. ಎರಡು ತಿಂಗಳೊಳಗಿನ ಅಥವಾ ಅಶಕ್ತ ಮಗುವಿನ ತಾಯಿ ಇದನ್ನು ಮಾಡಲೇಬಾರದು. ಆರೋಗ್ಯವಾಗಿ ಬೆಳೆದ ದೊಡ್ಡ ಮಗುವಿದ್ದು, ತೊಳೆಯಲು ನೀರೇ ಸಿಗದ ದಿನಕ್ಕೆ ಆಪದ್ಧರ್ಮವಾಗಿ ಇರಲಿ, ನಿತ್ಯದ ರೂಢಿಯಾಗುವುದು ಬೇಡ.

ಮನೆಗೆ ತಂದ ಹಾಲನ್ನು ಎಲ್ಲರೂ ಫ್ರೀಜರಿಗೆ ಸೇರಿಸಲು ಆತುರಪಡುತ್ತಾರೆ. ಫ್ರೀಜರ್ ತುಂಬಾ ಹಾಲಿನ ಪೊಟ್ಟಣ ಜೋಡಿಸಿದ ಚಿತ್ರಗಳನ್ನು ನೋಡಿ ಎಷ್ಟೋ ತಾಯಂದಿರು ತಮ್ಮಲ್ಲಿ ಹಾಲು ಸಾಲದು ಎಂದು ಕೊರಗುತ್ತಾರೆ. ಕೊರಗಬೇಡಿ. ಇಂದು ಹಿಂಡಿದ್ದು ನಾಳೆಗೆ, ಶುಕ್ರವಾರ ಹಿಂಡಿದ್ದು ಸೋಮವಾರಕ್ಕೆ. ಶುಕ್ರವಾರದಿಂದ ಸೋಮವಾರಕ್ಕೆ ಮೂರೇ ದಿನ, ಫ್ರಿಜ್‌ನ ನಾಲ್ಕು ದಿನದೊಳಗೆ ಸುಖವಾಗಿ ಬರುತ್ತದೆ. ಎದೆಹಾಲನ್ನೇ ಕುಡಿಯುವ ಒಂದರಿಂದ ಆರು ತಿಂಗಳ ಮಗುವಿಗೆ ತಾಯಿ ಇಲ್ಲದ ಹೊತ್ತಿನಲ್ಲಿ ಗಂಟೆಗೆ ಸುಮಾರು 30 ಮಿಲಿಲೀಟರಿನಂತೆ ಲೆಕ್ಕ ಹಾಕಿದರೆ, ಒಂಬತ್ತು ಗಂಟೆಗೆ 270 ಮಿಲಿಲೀಟರ್. ಅಷ್ಟು ಮನೆಯಲ್ಲಿದ್ದರೆ ಸಾಕು. ಅಲ್ಲದೆ, ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿರುವುದು ಒಂದೇ ಬಾಗಿಲಿನ ಫ್ರಿಜ್. ಅದರೊಳಗಿನ ಪುಟ್ಟ ಫ್ರೀಜರ್ ಪೆಟ್ಟಿಗೆ ಮೈನಸ್ 18ಕ್ಕೆ ಇಳಿಯುತ್ತದೆಂಬ ಭರವಸೆಯಿಲ್ಲ. ಆರು ತಿಂಗಳ ಲೆಕ್ಕ ಅದಕ್ಕೆ ಹೊಂದುವುದಿಲ್ಲ, ಎರಡು ವಾರದೊಳಗೆ ಬಳಸುವುದು ಕ್ಷೇಮ.

ಮರ ಬಿದ್ದು ತಂತಿ ಹರಿದರೆ ನಮ್ಮೂರಿನಲ್ಲಿ ಕರೆಂಟ್ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪಾಗಿರುತ್ತದೆ. ಅದಕ್ಕಿಂತ ಮುಂದೆ ಹೋಗುವ ಸೂಚನೆ ಕಂಡರೆ ಹಾಲನ್ನು ಐಸ್ ಪ್ಯಾಕಿನೊಂದಿಗೆ ಕೂಲರ್ ಬ್ಯಾಗಿಗೆ ಬದಲಾಯಿಸಿ. ಹೆಪ್ಪುಗಟ್ಟಿದ ಹಾಲಿನಲ್ಲಿ ಇನ್ನೂ ಮಂಜುಗಡ್ಡೆಯ ಹರಳುಗಳು ಉಳಿದಿದ್ದರೆ ಕರೆಂಟ್ ಬಂದಾಗ ಮತ್ತೆ ಹೆಪ್ಪುಗಟ್ಟಲು ಬಿಡಬಹುದು. ಪೂರ್ತಿ ಕರಗಿ ಇನ್ನೂ ತಣ್ಣಗಿದ್ದರೆ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಕುಡಿಸಬೇಕು. ನೀವು ಕಚೇರಿಯಲ್ಲಿದ್ದಾಗ ಕರೆಂಟ್ ಹೋಗಿ ಬಂದದ್ದು ತಿಳಿಯುವುದಕ್ಕೆ ಒಂದು ಉಪಾಯವಿದೆ: ಸ್ಟೀಲ್ ಬಟ್ಟಲಿನಲ್ಲಿ ನೀರು ಹೆಪ್ಪುಗಟ್ಟಿಸಿ, ಅದರ ಮೇಲೊಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ಸಂಜೆ ನೋಡುವಾಗ ನಾಣ್ಯ ಮೇಲೆಯೇ ಇದ್ದರೆ ಸರಿ. ಮಂಜಿನ ತಳದಲ್ಲಿ ಕಂಡರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದೇ ಅರ್ಥ. ಆ ಹಾಲನ್ನು ಮಗುವಿಗೆ ಕೊಡಬೇಡಿ.

ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಗೆ ಇದನ್ನೆಲ್ಲ ಕುಳಿತು ಹೇಳಿಕೊಡುವುದನ್ನು ಮೊದಲ ದಿನವೇ ಮಾಡಬೇಕು. ನಾನು ಮಾಡಿರಲಿಲ್ಲ. ಕೆಲಸಕ್ಕೆ ಮರಳಿದ ಎರಡನೆಯ ದಿನ ಅತ್ತೆ ಕಚೇರಿಗೆ ಫೋನ್ ಮಾಡಿ, ‘ಹಾಲು ಒಡೆದಿದೆ ಮಗಳೇ, ಮೇಲೆ ದಪ್ಪಗೆ, ಕೆಳಗೆ ನೀರಿನ ಹಾಗೆ ಆಗಿದೆ. ಚೆಲ್ಲಿಬಿಟ್ಟೆ’ ಎಂದರು. ಅದು ಒಡೆದದ್ದಲ್ಲ. ಫ್ರಿಜ್‌ನಲ್ಲಿಟ್ಟಾಗ ಕೆನೆ ಮೇಲೆ ಬರುವುದು ಎದೆಹಾಲಿನ ಗುಣ. ಬಾಟಲಿಯನ್ನು ಮೆಲ್ಲಗೆ ಸುತ್ತಿಸಿದರೆ ಬೆರೆಯುತ್ತದೆ. ನೂರು ಮಿಲಿಲೀಟರ್ ಹೋಯಿತೆಂದು ಅವರಿಗೂ ಅಳು, ನನಗೂ ಅಳು. ಕೆಲವರ ಹಾಲು ಫ್ರಿಜ್‌ನಲ್ಲಿ ಇದ್ದು ಸೋಪಿನ ವಾಸನೆ ಬರುವುದೂ ಉಂಟು. ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವದ ಕೆಲಸ ಅದು, ಹಾಲು ಕೆಟ್ಟಿರುವುದಿಲ್ಲ. ಹುಳಿ ನಾತ ಬಂದರೆ ಮಾತ್ರ ಚೆಲ್ಲಬೇಕು.

ಎದೆಹಾಲನ್ನು ಒಲೆಯ ಮೇಲಿಟ್ಟು ಕಾಯಿಸುವುದಾಗಲಿ ಮೈಕ್ರೋವೇವ್‌ನಲ್ಲಿ ಇಡುವುದಾಗಲಿ ಬೇಡ. ಬಾಟಲಿಯನ್ನು ಬೆಚ್ಚನೆಯ ನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಮುಂಗೈಗೆ ಎರಡು ಹನಿ ಬಿಟ್ಟು ನೋಡಿ. ಮಗು ಕುಡಿದು ಬಿಟ್ಟ ಹಾಲಿಗೆ ಬಾಯಿಯ ಎಂಜಲು ಸೇರಿರುವುದರಿಂದ ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ಅದಕ್ಕಾಗಿಯೇ 60ರಿಂದ 120 ಮಿಲಿಲೀಟರಿನ ಸಣ್ಣ ಪ್ರಮಾಣದಲ್ಲಿ ಇಡುವುದು ಒಳ್ಳೆಯದು. ಕುಡಿಸಲು ನಿಪ್ಪಲ್ ಬಾಟಲಿಗಿಂತ ಅಜ್ಜಿಯ ಕಾಲದ ಒಳಲೆಯೇ ನನಗೆ ಇಷ್ಟ. ಮೂಲೆಯಿಲ್ಲ, ಸಂದಿಯಿಲ್ಲ, ಒಂದು ನಿಮಿಷದಲ್ಲಿ ತೊಳೆದು ಮುಗಿಯುತ್ತದೆ, ಕುದಿಸಲೂ ಸುಲಭ.

ಹಾಲು ಹಿಂಡಲು ಹೊತ್ತು ಕೇಳುವುದಕ್ಕೆ ಸಂಕೋಚ ಬೇಡ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತು. 2017ರ ತಿದ್ದುಪಡಿ 50 ಅಥವಾ ಅದಕ್ಕೂ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವನ್ನೂ ಸೇರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆರಡೂ ಇವೆ. 50 ಅಥವಾ ಹೆಚ್ಚು ಮಹಿಳಾ ಕಾರ್ಮಿಕರಿರುವ ತೋಟಗಳಲ್ಲಿ ಶಿಶುಗಳಿಗೆ ಕೊಠಡಿ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದರೂ ಕಾಫಿ ಹಣ್ಣು ಕೊಯ್ಯುವ ತಿಂಗಳುಗಳಲ್ಲಿ ಕಾರ್ಮಿಕರ ಸಾಲುಮನೆಯಾದ ಲೈನ್ ಮನೆಯಲ್ಲಿ ಕೂಸನ್ನು ಬಿಟ್ಟು ತೋಟಕ್ಕೆ ಇಳಿಯುವ ತಾಯಂದಿರನ್ನು ನೆನೆದಾಗ, ಪಂಪು ಫ್ರಿಜ್ಜುಗಳ ಈ ಮಾತೆಲ್ಲ ಅವರಿಂದ ಎಷ್ಟು ದೂರ ಎಂದು ನೋವಾಗುತ್ತದೆ.

ಅವರಿಗೂ ನಮಗೂ ಸಮನಾಗಿ ಒದಗುವುದು ಕೈ. ಮುಚ್ಚಳವಿರುವ ಒಂದು ಸ್ಟೀಲ್ ಬಟ್ಟಲನ್ನು ಕುದಿಸಿಟ್ಟುಕೊಳ್ಳಿ. ಕೈಯನ್ನು ಸೋಪಿನಿಂದ 20 ಸೆಕೆಂಡ್ ಉಜ್ಜಿ ತೊಳೆಯಿರಿ. ಹೆಬ್ಬೆರಳನ್ನು ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿಗೆ ಮೇಲೆ, ತೋರುಬೆರಳನ್ನು ಅದರ ನೇರಕ್ಕೆ ಕೆಳಗೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಹಿಂದಕ್ಕೆ ಒತ್ತಿ, ಆಮೇಲೆ ಎರಡು ಬೆರಳನ್ನೂ ಒಂದಕ್ಕೊಂದು ತಂದು ಬಿಡಬೇಕು. ಚರ್ಮದ ಮೇಲೆ ಬೆರಳು ಜಾರಬಾರದು, ತೊಟ್ಟನ್ನು ಎಳೆಯಬಾರದು. ಮೊದಲ ಒಂದೆರಡು ನಿಮಿಷ ಏನೂ ಬಾರದಿದ್ದರೆ ಬಿಡಬೇಡಿ. ಮಗುವಿನ ಮುಖ ನೆನೆದುಕೊಂಡು ಒತ್ತುತ್ತಿರಿ, ಹನಿ ಹನಿಯಾಗಿ ಶುರುವಾಗಿ ಆಮೇಲೆ ಸಣ್ಣ ಧಾರೆಯಾಗುತ್ತದೆ. ಟ್ಯೂಬಿನಲ್ಲಿ ಬೂಷ್ಟು ಕಂಡ ಆ ದಿನ ನನಗೆ ಇಪ್ಪತ್ತು ನಿಮಿಷದಲ್ಲಿ 70 ಮಿಲಿಲೀಟರ್ ಸಿಕ್ಕಿತು. ಹೊರಗೆ ಮಳೆ ಹೊಡೆಯುತ್ತಿತ್ತು, ಕರೆಂಟ್ ಇರಲಿಲ್ಲ. ಬಟ್ಟಲಿನ ಮುಚ್ಚಳ ಮುಚ್ಚಿ, ಮೇಲೆ ಹೊತ್ತು ಬರೆದು ಚೀಲದೊಳಗೆ ಇಟ್ಟುಕೊಂಡೆ.